ಮೀಸೆಗೆ ಮಣ್ಣು

ಬೀಳುವುದರಲ್ಲೂ ಅಂತಸ್ತು ಅನ್ನುವುದೊಂದಿದೆ. ತೆಂಗಿನಮರದಿಂದ ಬಿದ್ದರೆ ಊರಿಗೂರೇ ಓಡಿಬರುತ್ತದೆ. ದುಡಿಯಲು ಹತ್ತಿದವನು, ಪಾಪ. ಬಚ್ಚಲಲ್ಲಿ ಜಾರಿದ ಹಿರಿಯರಿಗೆ ಸೇಬು, ಹಾರ್ಲಿಕ್ಸ್ ಬರುತ್ತದೆ. ಬಸ್ಸಿನಿಂದ ಬಿದ್ದರೆ ನಮ್ಮ ಪರವಾಗಿ ಡ್ರೈವರನ್ನು ಬೈಯಲು ಹತ್ತು ಜನ ಸಿಗುತ್ತಾರೆ. ಕುಡಿದು ಮೋರಿಗೆ ಬಿದ್ದವನಿಗೂ ಅವನದೇ ಒಂದು ಪರಂಪರೆಯಿದೆ, ಎತ್ತಲು ಅವನದೇ ಗೆಳೆಯರಿದ್ದಾರೆ. ಆದರೆ ನಲವತ್ತು ದಾಟಿದ, ಕೆಲಸವಿರುವ, ಮನೆಯಲ್ಲಿ ಕಾರೂ ಇರುವ ಗೃಹಸ್ಥನೊಬ್ಬ ರಜೆಯ ದಿನ ಸ್ವಂತ ಖರ್ಚಿನಲ್ಲಿ ಪಕ್ಕದ ರಾಜ್ಯದ ಬೆಟ್ಟಕ್ಕೆ ಹೋಗಿ, ಒಳ್ಳೆಯ ಡಾಂಬರು ರಸ್ತೆ ಇದ್ದೂ ಅದನ್ನು ಬಿಟ್ಟು ಕಲ್ಲುಹಾದಿಯಲ್ಲಿ ಸೈಕಲ್ಲಿನಿಂದ ಬಿದ್ದರೆ, ಅದನ್ನು ಯಾವ ಖಾತೆಗೆ ಬರೆಯಬೇಕೆಂದು ಜನಕ್ಕೆ ತಿಳಿಯುವುದಿಲ್ಲ. ಸೇಲಂನಲ್ಲಿರುವ ನನ್ನ ಸೋದರತ್ತೆ ಮಾತ್ರ ತಡಮಾಡದೆ ಬರೆದರು: "ಇರಲಾರದೆ ಇರುವೆ ಬಿಟ್ಕೊಂಡ್ರಂತೆ."

ಈ ಇರುವೆಯ ಮೂಲ ಕ್ಯಾಲಿಫೋರ್ನಿಯಾ. ಅಲ್ಲಿಯ ಮರಿನ್ ಕೌಂಟಿ ಎಂಬಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. 1976ರಲ್ಲಿ ಅದು ಪಂದ್ಯವೂ ಆಯಿತು, ರೀಪ್ಯಾಕ್ ಅಂತ. ಎರಡು ಮೈಲಿಯೂ ಇಲ್ಲದ ದಾರಿ, 1,300 ಅಡಿ ಇಳಿಜಾರು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹೊಸದಾಗಿ ತುಂಬಬೇಕು. ಆ ಗುಂಪಿನ ಗ್ಯಾರಿ ಫಿಶರ್, ಜೋ ಬ್ರೀಜ್ ಮುಂತಾದವರು ಮುಂದೆ ಬೆಟ್ಟದ ಸೈಕಲ್ಲುಗಳನ್ನು ತಾವೇ ಕಟ್ಟಿ ಮಾರಿ ದೊಡ್ಡ ಹೆಸರು ಮಾಡಿದರು. ಅವರು ಗ್ರೀಸು ಸುಟ್ಟ ಪುಣ್ಯದಿಂದ ಇವತ್ತು ನಮ್ಮ ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲೂ ಮುಂದೆ ಸಸ್ಪೆನ್ಷನ್, ಎರಡು ಕಡೆಯೂ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವ ಸೈಕಲ್ಲು ಹೊಂದಿದ ಒಂದು ಗುಂಪಿದೆ. ಒಬ್ಬ ಡೆಂಟಿಸ್ಟ್, ಒಬ್ಬ ಬ್ಯಾಂಕಿನವನು, ಒಬ್ಬ ಸಾಫ್ಟ್‌ವೇರ್ ಹುಡುಗ, ಮತ್ತೆ ನಾನು. ಸೈಕಲ್ಲಿನ ಬೆಲೆ ಎಷ್ಟು ಅನ್ನುವುದು ನನಗೂ ಅಂಗಡಿಯವನಿಗೂ ಗೊತ್ತು. ಮನೆಯಲ್ಲಿ ಹೇಳಿದ ಬೆಲೆ ಬೇರೆ. ಅದರಲ್ಲಿ ಸುಳ್ಳೇನೂ ಇಲ್ಲ, ನಾನು ಹೇಳಿದ್ದು ಮುಂಗಡದ ಮೊತ್ತ.

ಯಲಹಂಕದಾಚೆಯ ಅವಲಹಳ್ಳಿ ಕಾಡಿನಲ್ಲಿ ಸುತ್ತಿ ಸುತ್ತಿ ಅಲ್ಲಿನ ಮರಗಳ ಗುರುತು ಸಿಗುವ ಹಾಗಾದ ಮೇಲೆ ಡೆಂಟಿಸ್ಟನೇ ಏರ್ಕಾಡಿನ ಮಾತೆತ್ತಿದ. ಕಾಫಿ ತೋಟದ ಒಳದಾರಿಗಳಿವೆ, ತೋಟದವರ ಒಪ್ಪಿಗೆ ಸಿಕ್ಕಿದೆ, ಮಾರನೆಯ ದಿನ ಹೊಗೇನಕಲ್ಲಿಗೆ ಹೋಗಿ ಬಂಡೆಯ ಮೇಲೆ ಮಲಗಿ ಎಣ್ಣೆ ಮಾಲೀಸು ಮಾಡಿಸಿಕೊಳ್ಳೋಣ ಅಂದ. ಅಷ್ಟು ಆಸೆ ತೋರಿಸಿದ ಮೇಲೆ ಒಲ್ಲೆ ಅನ್ನುವುದು ಯಾರಿಂದ ಆದೀತು? ಕಾರಿನ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡು ಹೊಸೂರು, ಕೃಷ್ಣಗಿರಿ ದಾಟಿ ಹೊರಟೆವು.

ಧರ್ಮಪುರಿ ಕಳೆದ ಮೇಲೆ ತೊಪ್ಪೂರು ಘಾಟ್ ಸಿಗುತ್ತದೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ನಂಬರಿನ ಹೆದ್ದಾರಿ ಅಲ್ಲಿ ಸೇಲಂ ಕಡೆಗೆ ಇಳಿಯುತ್ತದೆ. ಭಾರ ಹೊತ್ತ ಲಾರಿಗಳ ಬ್ರೇಕು ಕೈಕೊಟ್ಟು ಒಂದರ ಹಿಂದೆ ಒಂದು ಗುದ್ದಿದ ಸುದ್ದಿ ತಮಿಳು ಪತ್ರಿಕೆಗಳಿಗೆ ಹೊಸದಲ್ಲ. ಆ ಇಳಿಜಾರು ಮುಗಿಯುವ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಬ್ಯಾಂಕಿನವನು, "ಅಬ್ಬಾ, ಗಂಡಾಂತರ ಕಳೀತು" ಅಂದ.

ಸೇಲಂ ಪಟ್ಟಣ ಸಮುದ್ರಮಟ್ಟದಿಂದ ಮುನ್ನೂರು ಮೀಟರೂ ಇಲ್ಲ. ಏರ್ಕಾಡು ಸುಮಾರು 1,500. ನಡುವೆ ಇಪ್ಪತ್ತು ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರಿನ ಬೋರ್ಡು. ಕೆಳಗೆ ಬೆವರು, ಮೇಲೆ ಸ್ವೆಟರು. 1820ರ ದಶಕದಲ್ಲಿ ಸೇಲಂನ ಕಲೆಕ್ಟರಾಗಿದ್ದ ಕಾಕ್‌ಬರ್ನ್ ಎಂಬ ದೊರೆ ಈ ಬೆಟ್ಟಕ್ಕೆ ಕಾಫಿ ತಂದ. ಅವನ ನಂತರ ತೋಟಗಳು ಬೆಳೆದು, ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿ, ನಡುವೆ ಜೀಪು ಓಡಾಡುವ ಕೆಂಪು ದಾರಿಗಳಾಗಿವೆ. ಆ ದಾರಿಯ ಮೇಲೆ ಗೋಲಿಯಿಂದ ಹಿಡಿದು ನಿಂಬೆಹಣ್ಣಿನ ಗಾತ್ರದ ತನಕ ಉರುಟು ಜಲ್ಲಿ. ಈ ಶೇರ್ವರಾಯನ್ ಬೆಟ್ಟದ ನೆತ್ತಿಯಲ್ಲಿರುವುದು ಬಾಕ್ಸೈಟ್. ಮೆಟ್ಟೂರಿನ ಕಾರ್ಖಾನೆಗೆ ಇಲ್ಲಿಂದ ಅದಿರು ಹೋಗಿ ಅಲ್ಯೂಮಿನಿಯಂ ಆಗುತ್ತಿತ್ತು. ನನ್ನ ಸೈಕಲ್ಲಿನ ಚೌಕಟ್ಟೂ ಅಲ್ಯೂಮಿನಿಯಮ್ಮೇ. ತವರಿನ ಮಣ್ಣು ಕಂಡ ಹೆಣ್ಣುಮಗಳ ಹಾಗೆ ಅದು ಒಂದು ಎಡ ತಿರುವಿನಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಹಾಯಾಗಿ ಅಡ್ಡಾಯಿತು.

ಮುಂದಿನ ಬ್ರೇಕನ್ನು ನಾನು ಗಟ್ಟಿಯಾಗಿ ಹಿಡಿದೆ ಅನ್ನುವುದು ಡೆಂಟಿಸ್ಟನ ವಾದ. ಅವನು ನನ್ನ ಹಿಂದಿದ್ದ, ಅವನಿಗೆ ಕಂಡದ್ದು ನನ್ನ ಬೆನ್ನು ಮಾತ್ರ. ನನಗೆ ಕಂಡದ್ದು ಹೀಗೆ: ಮುಂದಿನ ಚಕ್ರ ನಿಂತಿತು, ಹಿಂದಿನದು ನಿಲ್ಲುವ ಮನಸ್ಸಿಲ್ಲದೆ ಮೇಲಕ್ಕೆದ್ದಿತು, ಹ್ಯಾಂಡಲ್ಲು ನನ್ನ ಹೊಟ್ಟೆಯ ಕೆಳಗೆ ಹಾದುಹೋಯಿತು. ಗಾಳಿಯಲ್ಲಿದ್ದಾಗ ಒಂದು ಕಾಫಿ ಗಿಡದ ರೆಂಬೆ ಕಣ್ಣೆದುರು ಬಂತು. ಮೂರು ಹಣ್ಣು ಕೆಂಪಗಿದ್ದವು, ಒಂದು ಇನ್ನೂ ಹಸಿರು, ಅದರ ಮೇಲೆ ಒಂದು ಇರುವೆ. ಇಷ್ಟು ನೋಡಲು ವೇಳೆ ಹೇಗೆ ಸಿಕ್ಕಿತೋ ಕಾಣೆ. ಆಮೇಲೆ ಬಲಭುಜ ನೆಲಕ್ಕೆ ತಾಗಿತು, ಒಳಗೆಲ್ಲೋ 'ಟಕ್' ಅಂತ ಸಣ್ಣ ಸದ್ದು, ತಲೆ ಹಿಂಬಾಲಿಸಿತು, ಕೊನೆಗೆ ಮುಖ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳುವ ಕೊನೆಯ ಅವಕಾಶವೂ ಅಲ್ಲಿಗೆ ಹೋಯಿತು. ಹೆಲ್ಮೆಟ್ಟು ಎರಡು ಕಡೆ ಸೀಳಿತ್ತು. ಅದರೊಳಗಿನ ಥರ್ಮೊಕೋಲಿಗೆ ಒಂದೇ ಜನ್ಮ: ಪೆಟ್ಟನ್ನು ತಾನು ನುಂಗಿ ಜಜ್ಜಿಹೋಗುವುದೇ ಅದರ ಕೆಲಸ, ಎರಡನೇ ಸಲಕ್ಕೆ ಬಾರದು.

ಕೈಗಡಿಯಾರ ಕೂಗತೊಡಗಿತು. ಈಗಿನ ಗಡಿಯಾರಗಳಿಗೆ ಯಜಮಾನ ಬಿದ್ದದ್ದು ಗೊತ್ತಾಗುತ್ತದೆ. ಕೆಲವು ಸೆಕೆಂಡು ಎಣಿಸಿ, ಯಾರೂ ಗುಂಡಿ ಒತ್ತಿ ಬೇಡ ಅನ್ನದಿದ್ದರೆ ಮನೆಯವರಿಗೆ ಸಂದೇಶ ಕಳಿಸಿಬಿಡುತ್ತವೆ. ಗಡಿಯಾರ ಎಡಗೈಯಲ್ಲಿ. ಗುಂಡಿ ಒತ್ತಬೇಕಾದ ಬಲಗೈ ನನ್ನ ಮಾತು ಕೇಳುವುದನ್ನು ಆಗಷ್ಟೇ ನಿಲ್ಲಿಸಿತ್ತು. ಮೂಗಿನಲ್ಲಿ ಒತ್ತಲು ಹೋದೆ, ಮೂಗಿನಲ್ಲಿದ್ದ ಮಣ್ಣು ಗಾಜಿಗೆ ಹತ್ತಿತು, ಅಷ್ಟೆ. ಬೆಟ್ಟದಲ್ಲಿ ಎಲ್ಲೂ ಸಿಗದ ಸಿಗ್ನಲ್ ಆ ಒಂದು ಮೊಳ ಜಾಗದಲ್ಲಿ ಭರ್ತಿಯಾಗಿ ಸಿಗುತ್ತಿತ್ತು.

ಮೊದಲು ಬಂದವರು ಹಣ್ಣು ಕೊಯ್ಯುತ್ತಿದ್ದ ಹೆಂಗಸರು. ಅವರಲ್ಲಿ ಹಿರಿಯಾಕೆ ಸೊಂಟದ ಬುಟ್ಟಿ ಇಳಿಸಿ ದಾರಿಯ ಎರಡೂ ಕಡೆ ನೋಡಿ, "ಎಂದ ವಂಡಿ ಇಡಿಚ್ಚುದು?" ಎಂದು ಕೇಳಿದರು. ಯಾವ ಗಾಡಿ ಗುದ್ದಿತು ಅಂತ. ಯಾವ ಗಾಡಿಯೂ ಇಲ್ಲ ಅಂದೆ. ಹಾಗಾದರೆ ಕಾಟಿ ಅಟ್ಟಿಸಿಕೊಂಡು ಬಂತೇ? ಇಲ್ಲ. ಮತ್ತೆ? ನಾನೇ, ಸುಮ್ಮನೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನೋವಿನಲ್ಲೂ ನನಗೆ ಅದು ನಗು ಎಂದು ತಿಳಿಯಿತು. ಆದರೆ ಕೈ ಒಳ್ಳೆಯದು. ಯಾರನ್ನೋ ಓಡಿಸಿ ಕಾಫಿಪುಡಿ ತರಿಸಿ ಮೊಣಕಾಲಿನ ಗಾಯಕ್ಕೆ ಮೆತ್ತಿದರು. ಡೆಂಟಿಸ್ಟ್ ತನ್ನ ಚೀಲದಿಂದ ಬೆಟಡಿನ್ ತೆಗೆದು ಕಾಫಿಪುಡಿಯ ಮೇಲೆಯೇ ಸುರಿದ. ಫೋನು ಹೊಡೆದುಕೊಂಡಿತು. ಆಕೆಯೇ ಎತ್ತಿ ನನ್ನ ಕಿವಿಗೆ ಹಿಡಿದರು.

"ತಲೆಗೇನೂ ಆಗಿಲ್ವಲ್ಲ ರೀ?"

"ಇಲ್ಲ, ಹೆಲ್ಮೆಟ್ ಇತ್ತು. ಅದೇ ಒಡೀತು."

"ಅದೆಷ್ಟು?"

"ಏನು ಎಷ್ಟು?"

"ಹೆಲ್ಮೆಟ್ಟಿಗೆ."

ಸಿಗ್ನಲ್ ಹೋಯಿತು ಎಂದು ಸನ್ನೆ ಮಾಡಿದೆ. ಆ ತಾಯಿಗೆ ಅರ್ಥವಾಯಿತು, ಫೋನು ಇಟ್ಟರು.

ತೋಟದ ಜೀಪಿನಲ್ಲಿ ಇಳಿದೆವು. ಇಪ್ಪತ್ತನೇ ತಿರುವಿನಿಂದ ಒಂದನೆಯದರ ತನಕ, ನಂಬರಿನ ಬೋರ್ಡು ಬಂದಾಗಲೆಲ್ಲ ಮುರಿದ ಮೂಳೆಯ ಎರಡು ತುದಿಗಳು ಒಳಗೇ ಕ್ಷೇಮಸಮಾಚಾರ ಕೇಳಿಕೊಂಡವು. ಸೇಲಂನ ಆಸ್ಪತ್ರೆಯಲ್ಲಿ ಒಂದು ಫಾರಂ ತಂದರು. ರಸ್ತೆ ಅಪಘಾತವೋ, ಹೊಡೆದಾಟವೋ, ಕೆಲಸದ ಜಾಗದ ಅವಘಡವೋ? ರಸ್ತೆ ಅಂತ ಬರೆದರೆ ಗುದ್ದಿದ ವಾಹನದ ನಂಬರು ಬೇಕು, ಪೊಲೀಸರಿಗೆ ತಿಳಿಸಬೇಕು. ಹೊಡೆದಾಟ ಅಂದರೆ ಎದುರಾಳಿಯ ಹೆಸರು ಬೇಕು. ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನಿನ ತುದಿ ಕಚ್ಚಿ ಯೋಚಿಸಿ, ಕೊನೆಗೆ 'ಇತರೆ' ಎಂಬಲ್ಲಿ ಗುರುತು ಹಾಕಿದಳು. ಅಷ್ಟು ಹೊತ್ತಿಗೆ ಅತ್ತೆ, ಮಾವ ಬಂದರು.

ಇವರು ತಲೆಮಾರುಗಳಿಂದ ಸೇಲಂನಲ್ಲಿ ನೆಲೆಸಿದ ದೇವಾಂಗರು. ಹೊಸ್ತಿಲೊಳಗೆ ಕನ್ನಡ, ಹೊರಗೆ ತಮಿಳು. ಮಾವನಿಗೆ ಕನ್ನಡ ಓದಲು ಬರೆಯಲು ಬರುವುದಿಲ್ಲ, ಬೈಯಲು ಮಾತ್ರ ಬೇರೆ ಭಾಷೆ ಹುಡುಕುವುದಿಲ್ಲ. ಸೇಲಂನ ಹೆಸರಾದ ಬಿಳಿ ರೇಷ್ಮೆ ಪಂಚೆಗಳನ್ನು ನೇಯ್ದು ನೇಯ್ದು ಕೈ ಸವೆಸಿದ ಮನುಷ್ಯ. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು: ಕಾಲರ್ ಬೋನ್, ನಟ್ಟನಡುವೆ. ಸೈಕಲ್ಲಿನಿಂದ ಭುಜ ಊರಿ ಬಿದ್ದವರಿಗೆ ಮುರಿಯುವುದು ಹೆಚ್ಚಾಗಿ ಇದೇ. ತಾಯಿಯ ಹೊಟ್ಟೆಯಲ್ಲಿ ಎಲ್ಲ ಮೂಳೆಗಳಿಗಿಂತ ಮೊದಲು ಗಟ್ಟಿಯಾಗತೊಡಗುವುದೂ ಇದೇ ಅಂತೆ. ತುಂಡುಗಳು ಬಹಳ ಸರಿದಿದ್ದರೆ ಪ್ಲೇಟು ಹಾಕಬೇಕಾಗುತ್ತಿತ್ತು ಅಂದರು. ಮಾವ ಎದೆಯುಬ್ಬಿಸಿ, "ಹಾಕೋದಾದ್ರೆ ನಮ್ಮ ಸೇಲಂ ಸ್ಟೀಲೇ ಹಾಕಿ. ಇಲ್ಲಿನ ಪ್ಲಾಂಟಲ್ಲಿ ನಾಣ್ಯದ ಬಿಲ್ಲೆನೂ ಮಾಡ್ತಾರೆ" ಅಂದರು. ಈಗೆಲ್ಲ ಟೈಟೇನಿಯಂ ಬಳಸುವುದೇ ಹೆಚ್ಚು ಅಂದರು ಡಾಕ್ಟರು. ಮಾವನಿಗೆ ಪಿಚ್ಚೆನಿಸಿತು. ನನ್ನ ಅದೃಷ್ಟಕ್ಕೆ ಯಾವ ಲೋಹವೂ ಬೇಕಾಗಲಿಲ್ಲ. ಕೈಗೊಂದು ಜೋಳಿಗೆ ಕಟ್ಟಿ, ಧನುರ್ವಾಯುವಿನ ಇಂಜೆಕ್ಷನ್ ಚುಚ್ಚಿ, ಕಾಫಿಪುಡಿಯನ್ನು ತೊಳೆದು ತೊಳೆದು ಬೇಸತ್ತು ಕಳಿಸಿದರು.

ಮನೆಗೆ ಬಂದ ಮೇಲೆ ಮಾವ ಪುತ್ತೂರು ಕಟ್ಟಿನ ವಿಷಯ ತೆಗೆದರು. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಕಡೆಯದು. ಅಲ್ಲಿಯ ಮೂಳೆ ಕಟ್ಟುವವರ ಹೆಸರಿನ ಬೋರ್ಡು ತಮಿಳುನಾಡಿನ ಊರೂರಿನಲ್ಲಿದೆ. ಸೊಪ್ಪಿನ ರಸ, ಮೊಟ್ಟೆಯ ಲೋಳೆ, ಬಿದಿರಿನ ದಬ್ಬೆ, ಮೇಲೊಂದು ಬಟ್ಟೆ ಸುತ್ತಿದರೆ ಎಂಥ ಮೂಳೆಯೂ ಕೂಡುತ್ತದೆ ಎಂದು ಮಾವನ ನಂಬಿಕೆ. ನಾನು ಎಕ್ಸ್‌ರೇ ತೋರಿಸಿದೆ, ಡಾಕ್ಟರ ಮಾತು ಹೇಳಿದೆ, ವಿಜ್ಞಾನ ಹೇಳಿದೆ. ಏನೂ ಉಪಯೋಗವಾಗಲಿಲ್ಲ. ಅಡುಗೆಮನೆಯಿಂದ ಅತ್ತೆ, "ಈ ಮನೆಯೊಳಗೆ ಮೊಟ್ಟೆ ಬರೋ ಹಂಗಿಲ್ಲ" ಅಂದರು. ಚರ್ಚೆ ಮುಗಿಯಿತು.

ಸಂಜೆ ನೆಂಟರು ಬರತೊಡಗಿದರು. ಬಂದವರಿಗೆಲ್ಲ ಮಾವ ಕತೆ ಹೇಳುತ್ತಿದ್ದರು. ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳಿದವರು ಎಲೆಯಡಿಕೆ ಹಾಕಿಕೊಂಡು ಎದ್ದುಹೋದರು. ಎರಡನೇ ತಂಡಕ್ಕೆ ಒಂದು ಲಾರಿ ಬಂತು. ರಾತ್ರಿಯೂಟದ ಹೊತ್ತಿಗೆ ಲಾರಿಯ ಮುಂದೆ ಒಂದು ಮಗು ಓಡಿ ಬಂದಿತ್ತು, ಅದನ್ನು ಉಳಿಸಲು ನಾನು ಸೈಕಲ್ ತಿರುಗಿಸಿದ್ದೆ. ಒಬ್ಬ ಅಜ್ಜಿ ನನ್ನ ದೃಷ್ಟಿ ತೆಗೆದು ಹೋದರು. ಮನೆತನದ ಮಾನ ಕಾಯುವ ಹೊಣೆ ಮಾವನದು, ನಾನು ಬಾಯಿ ಹಾಕಲಿಲ್ಲ.

ಎಲ್ಲರೂ ಹೋದ ಮೇಲೆ ಮಾವ ಬನಿಯನ್ ಎತ್ತಿ ಎದೆ ತೋರಿಸಿದರು. ಹಳೆಯ ಗೆರೆಗಳು, ಒಂದರ ಪಕ್ಕ ಒಂದು, ಬೆಳ್ಳಗೆ. ಪ್ರಾಯದಲ್ಲಿ ಅವರು ಚೌಡೇಶ್ವರಿ ಹಬ್ಬದ ವೀರಕುಮಾರರು. ತಮಿಳುನಾಡಿನ ದೇವಾಂಗರ ಹಬ್ಬದಲ್ಲಿ, ದೇವಿಯನ್ನು ಕರೆತರುವ ಮೆರವಣಿಗೆಯ ಮುಂದೆ ವೀರಕುಮಾರರು ಕತ್ತಿಯಿಂದ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾರೆ. ರಕ್ತ ಬಂದಲ್ಲಿ ಬಂಡಾರ ಒತ್ತುತ್ತಾರೆ. "ಇದಕ್ಕೆ ಹೊಲಿಗೆ ಇಲ್ಲ, ಇಂಜೆಕ್ಷನ್ ಇಲ್ಲ" ಅಂದರು. ಆಮೇಲೆ ನನ್ನ ಜೋಳಿಗೆಯನ್ನೂ ಮೊಣಕಾಲಿನ ಪಟ್ಟಿಯನ್ನೂ ನೋಡಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು:

"ನನ್ನ ರಕ್ತ ತಾಯಿ ತಗೊಂಡ್ಳು. ನಿಂದು ಯಾರು ತಗೊಂಡ್ರಪ್ಪಾ?"

ಬೆಟ್ಟದ ಗಾಳಿ, ಆರೋಗ್ಯ, ಮನಸ್ಸಿನ ಹಗುರ ಎಂದೆಲ್ಲ ನಮ್ಮ ಗುಂಪಿನಲ್ಲಿ ದಿನಾ ಆಡುವ ಮಾತುಗಳಿವೆ. ಆ ಎದೆಯ ಎದುರು ಒಂದೂ ಬಾಯಿಗೆ ಬರಲಿಲ್ಲ. "ಜಲ್ಲಿ" ಅಂದೆ.

ಹೆಂಡತಿ ತಮ್ಮನ ಕಾರಿನಲ್ಲಿ ಆ ರಾತ್ರಿಯೇ ಬಂದಳು. ಅತ್ತೂ ಆಯಿತು, ಬೈದೂ ಆಯಿತು. ಮಾರನೆಯ ದಿನ ಗೆಳೆಯರು ನನ್ನ ಒಪ್ಪಿಗೆ ಪಡೆದೇ ಹೊಗೇನಕಲ್ಲಿಗೆ ಹೋದರು. ಬಂಡೆಯ ಮೇಲೆ ಎಣ್ಣೆ ಸುರಿಸಿಕೊಂಡು ಬೋರಲಾಗಿ ಮಲಗಿದ ಚಿತ್ರ, ಹುರಿದ ಮೀನಿನ ಚಿತ್ರ, ತೆಪ್ಪದ ಚಿತ್ರ ಸಾಲಾಗಿ ಬಂದವು. ಕೆಳಗೆ 'ಮಿಸ್ಸಿಂಗ್ ಯು' ಅಂತ ಬೇರೆ.

ಸಾಯಂಕಾಲ ಮಾವ ಪಂಚೆ ಎತ್ತಿ ಕಟ್ಟಿ, ಪಡಸಾಲೆಯಲ್ಲಿದ್ದ ಸೈಕಲ್ಲನ್ನು ಬೀದಿಗಿಳಿಸಿದರು. ಎಪ್ಪತ್ತು ದಾಟಿದವರು, ಬೇಡ ಅಂದರೆ ಕೇಳಬೇಕಲ್ಲ. ಹ್ಯಾಂಡಲ್ಲು ಸೊಟ್ಟಗಿತ್ತು, ಗೇರು ಕಟಕಟ ಅನ್ನುತ್ತಿತ್ತು. ಬೀದಿಯ ಹುಡುಗರ ಮೆರವಣಿಗೆ ಹಿಂದಿಟ್ಟುಕೊಂಡು ಒಂದು ಸುತ್ತು ಹೊಡೆದು, ಎಲ್ಲೂ ಬೀಳದೆ, ಬೆವರೂ ಬರದೆ ವಾಪಸು ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದರು.

"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ. ಬೆಲ್ಲೂ ಇಲ್ಲ. ಇಷ್ಟೆಲ್ಲ ಕಳೆದು ಅಗ್ಗಕ್ಕೇ ಕೊಟ್ಟಿರ್ತಾನೆ. ಎಷ್ಟಾಯ್ತಪ್ಪಾ ಇದು?"

ಹೆಂಡತಿ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ ಅಂದೆ. "ಮುರಿದಿರೋದು ಭುಜ ಅಲ್ವಾ?" ಅಂದರು ಅತ್ತೆ. ಆಗಷ್ಟೇ ಹೊಗೇನಕಲ್ಲಿನಿಂದ ಬಂದು, ಮೈಯೆಲ್ಲ ಎಣ್ಣೆ ಹೊಳೆಯುತ್ತ ಬಾಗಿಲಲ್ಲಿ ನಿಂತಿದ್ದ ಡೆಂಟಿಸ್ಟ್, ಇನ್ನೊಬ್ಬರ ಬಾಯಿ ತೆರೆಸುವುದೇ ಕಸುಬಾದ ಮನುಷ್ಯ, ಈ ಸಲ ತನ್ನದೇ ಬಾಯಿ ತೆರೆದು ಪೂರ್ತಿ ಮೊತ್ತ ಹೇಳಿದ. ಜಿಎಸ್‌ಟಿ ಸೇರಿಸಿ.