ಒಳಕಲ್ಲು ಸಿದ್ಧಾಂತ, ಅಥವಾ ಅತಿಸಿರಿವಂತಿಕೆಯ ಶಾಸ್ತ್ರೀಯ ಸಮರ್ಥನೆ

ಕೆಲವರ ಬಳಿಯೇ ಕುಬೇರನ ಗಂಟು ಏಕಿರಬೇಕು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ದಿಂಬಿನ ಗಾತ್ರದ ಗ್ರಂಥ ಬರೆದು ಕಣ್ಣು ಕೆಡಿಸಿಕೊಂಡಿದ್ದಾರೆ. ದಾಬಸ್‌ಪೇಟೆಯಲ್ಲಿ ಬಸ್ಸಿಳಿದು ಶಿವಗಂಗೆ ಹತ್ತಿದ್ದರೆ ಅರ್ಧ ದಿನದಲ್ಲಿ ಉತ್ತರ ಸಿಗುತ್ತಿತ್ತು. ಅಲ್ಲಿನ ಒಳಕಲ್ಲು ತೀರ್ಥದಲ್ಲಿ ಬಂಡೆಯ ಕುಳಿಯೊಳಗೆ ತೋಳಿಳಿಸಿ ತಡಕಿದರೆ ಪುಣ್ಯವಂತರಿಗಷ್ಟೇ ನೀರು ಸಿಗುತ್ತದೆಂದು ಪ್ರತೀತಿ. ಪುಣ್ಯವಿತ್ತೆಂಬುದಕ್ಕೆ ಪುರಾವೆ? ನೀರು ಸಿಕ್ಕಿತಲ್ಲ! ಕೋಟ್ಯಧಿಪತಿಗಳ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ಈ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ. (ತೋಳಿನ ಉದ್ದದ ಮಾತೆತ್ತುವ ಕುಹಕಿಗಳನ್ನು ಕೈಬಿಡಲಾಗಿದೆ.)

ಹಾಗಾದರೆ ಆಸೆಗೆ ಮಿತಿಯೇ ಬೇಡವೇ ಎಂಬುದು ಪೂರ್ವಪಕ್ಷ. ಮಿತಿ ಇದೆ ಸ್ವಾಮಿ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಆದ ತಿದ್ದುಪಡಿಯಂತೆ ಐದು ಜನರ ಕುಟುಂಬಕ್ಕೆ 10 ಯೂನಿಟ್. ಮಳೆ ನಂಬಿದ ಖುಷ್ಕಿಯಾದರೆ 54 ಎಕರೆ. 55ನೆಯ ಎಕರೆ ಸಮಾಜಕ್ಕೆ ಕಂಟಕ. ರಾಗಿ ಬೆಳೆಯುವವನ ದುರಾಸೆಗೆ ಹೀಗೆ ಮೂಗುದಾರ ಬಿತ್ತು. ರೂಪಾಯಿಗೆ ಇಂಥ ದುರ್ಗುಣವಿಲ್ಲ. ಎಷ್ಟು ಕೂಡಿದರೂ ಅದು ಸಾಧು ಪ್ರಾಣಿ. ಇದನ್ನರಿತೇ ಸರ್ಕಾರ ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು 1985ರಲ್ಲಿ, ಬದುಕಿರುವವರ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟಿತು. ವಸೂಲಿಯ ಖರ್ಚು ಹೆಚ್ಚು, ಹುಟ್ಟುವಳಿ ಕಮ್ಮಿ ಎಂಬ ಕಾರಣ ಕೊಟ್ಟರು. ರಾಗಿಗೂ ಇದೇ ಕಷ್ಟವಿದೆ, ಅದು ಬೇರೆ ವಿಷಯ.

ಇನ್ನು ಪವಾಡ. ಅದೇ ಶಿವಗಂಗೆಯ ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎನ್ನುತ್ತಾರೆ ಭಕ್ತರು. ಬೆಟ್ಟದ ಕೆಳಗೆ ಸೋಂಪುರ ಕೈಗಾರಿಕಾ ಪ್ರದೇಶದಲ್ಲೂ ಹಿಂದುಮುಂದಾಗುವ ಇಂಥದ್ದೇ ಕ್ರಿಯೆಯನ್ನು ಊಹಿಸಿಕೊಳ್ಳಬಹುದು: ಹೊಲದ ಯಜಮಾನ ಅದೇ ಹೊಲದ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು, ಒಳಬರುವ ಕಾರುಗಳ ನಂಬರನ್ನು ರಿಜಿಸ್ಟರಿಗೆ ಬರೆದು, ಡಿಕ್ಕಿ ತೆಗೆಸಿ ನೋಡಿ, ಸೆಲ್ಯೂಟ್ ಹೊಡೆಯುತ್ತಾನೆ. ಜಮೀನು ಎಲ್ಲಿಗೂ ಹೋಗಿಲ್ಲ, ಕಾಯುವವನೂ ಅವನೇ. ಇದನ್ನು ಅಸಮಾನತೆ ಎನ್ನಲಾದೀತೇ?

ಸರ್ಕಲ್ಲಿನ ಟೀ ಅಂಗಡಿಯ ಪಂಡಿತರೊಬ್ಬರದು ಕೊನೆಯ ಆಕ್ಷೇಪ: "ಸಾರ್ವಜನಿಕ ಹಿತಕ್ಕೆ ಅಂತ ನಮ್ಮ ಜಮೀನಿಗೆ ಭೂಸ್ವಾಧೀನದ 28(1) ನೋಟಿಸ್ ಬರೋದಾದ್ರೆ, ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟು ಅವರ ಸಾವಿರ ಕೋಟಿ ಮೇಲಿನ ದುಡ್ಡಿಗೂ ಒಂದು ಕಳಿಸ್ಬೋದಲ್ಲ ಸಾರ್? ಪರಿಹಾರಾನೂ ಕೊಡೋಣ, ನಮಗೆ ಕೊಟ್ಟ ರೇಟಲ್ಲೇ."

ಪರಿಶೀಲಿಸಿ ತಿರಸ್ಕರಿಸಲಾಗಿದೆ. ದುಡ್ಡಿಗೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ, ಚಕ್ಕುಬಂದಿಯಿಲ್ಲ. ನೋಟಿಸನ್ನು ಅಂಟಿಸುವುದು ಯಾವ ಗೋಡೆಗೆ?