ನಾಕ್ ಇಪ್ಪತ್ತು, ಹತ್ತು, ಒಂಬತ್ತು

ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಮನೆಯಲ್ಲಿ ಒಂಬತ್ತನೇ ಇಯತ್ತೆಯ ಹುಡುಗ ಫ್ರೆಂಚ್ ಆರಿಸಿಕೊಂಡಿದ್ದಾನೆ. ಅಂಕ ಸುಲಭವಾಗಿ ಬೀಳುತ್ತವೆ ಎಂದು ಗೆಳೆಯರು ಹೇಳಿದ್ದರು.

ಅಂಕ ಬೀಳುವ ಮೊದಲೇ ಅಂಕಿಗಳು ಮೈಮೇಲೆ ಬಿದ್ದವು. ಅರವತ್ತೊಂಬತ್ತರವರೆಗೆ ನೆಟ್ಟಗಿದ್ದ ಎಣಿಕೆ ಎಪ್ಪತ್ತಕ್ಕೆ ‘ಸ್ವಾಸಾಂತ್ ದಿಸ್’, ಅಂದರೆ ಅರವತ್ತು-ಹತ್ತು. ಎಂಬತ್ತು ‘ಕಾತ್ರ್ ವ್ಯಾಂ’, ನಾಲ್ಕು ಇಪ್ಪತ್ತು. 99 ಬಂದರೆ ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು! ಇದು ಭಾಷೆಯ ತಾಸೋ ಗಣಿತದ್ದೋ ಎಂದು ಅವನು ತಲೆ ಕೆರೆದುಕೊಂಡರೆ, ಮೆಂತ್ಯ ಸೋಸುತ್ತಿದ್ದ ಅಜ್ಜಿ ಅಂದಳು: “ಅದರಾಗೇನೈತೋ? ನಮ್ಮವ್ವ ರೊಟ್ಟಿ ಹಂಗ ಎಣಸ್ತಿದ್ಲು. ಮೂರ್ ಇಪ್ಪತ್ತು, ನಾಕ್ ಇಪ್ಪತ್ತು. ಆಕಿ ಯಾವ ಫ್ರಾನ್ಸಿಗೆ ಹೋಗಿದ್ಲು?”

ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತನ್ನು ‘ಸೆಪ್ತಾಂತ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹುಡುಗನ ಪಠ್ಯ ಮಾತ್ರ ಪ್ಯಾರಿಸ್ಸಿನ ಕಡೆಯದು.

ಲಿಂಗದ ಪಾಡು ಬೇರೆ. ಕನ್ನಡದಲ್ಲಿ ಟೇಬಲ್ಲೂ ಪುಸ್ತಕವೂ ‘ಅದು’. ಫ್ರೆಂಚಿನಲ್ಲಿ ಟೇಬಲ್ ಹೆಣ್ಣು, ಅದರ ಮೇಲಿನ ಪುಸ್ತಕ ಗಂಡು. ನಪುಂಸಕಲಿಂಗಕ್ಕೆ ಜಾಗವೇ ಇಲ್ಲ.

ಮೊದಲ ದಿನವೇ ತಲೆಗೆ ಹತ್ತಿದ್ದು ‘ತ್ಯು’ ಮತ್ತು ‘ವೂ’. ಗೆಳೆಯನಿಗೆ ನೀ, ಮೇಡಂಗೆ ನೀವು. ಮಾತುಮಾತಿಗೂ ‘ರೀ’ ಹಚ್ಚುವ ಹುಬ್ಬಳ್ಳಿಯವರಿಗೆ ಅದನ್ನು ಕಲಿಸಬೇಕೆ?

ಮೌಖಿಕ ಪರೀಕ್ಷೆ ಮುಗಿಸಿ ಎದ್ದವನು ಧನ್ಯವಾದ ಹೇಳಿದ: “ಮೆರ್ಸೀ ರೀ ಮೇಡಂ!”