ಮೈಲಿಗೆಯ ಮದ್ದು

ಮಡಿಯಲ್ಲಿರುವವರ ಜೊತೆ ಹರಟೆ ಹೊಡೆಯುವುದಕ್ಕೆ ಬೇಲಿಯಷ್ಟು ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ. ಮುಟ್ಟಿಬಿಟ್ಟೇವು ಎಂಬ ಭಯವಿಲ್ಲ, ‘ಬನ್ನಿ ಕೂತ್ಕೊಳ್ಳಿ’ ಎನ್ನುವ ಉಪಚಾರವಿಲ್ಲ, ಕಾಫಿಪುಡಿಯ ಖರ್ಚಿಲ್ಲ. ಪಕ್ಕದ ಮನೆಯ ಜಾನಕಮ್ಮನವರು ಬೆಳಿಗ್ಗೆ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು ದಾಸವಾಳ ಕೀಳಲು ಬರುತ್ತಾರೆ. ಗಿಡದ ಬುಡ ಅವರದು, ಹೂ ಬಿಡುವ ರೆಂಬೆಯೆಲ್ಲ ನಮ್ಮ ಕಡೆಗೆ. ನಾನು ಕೋಲಿನಿಂದ ರೆಂಬೆ ಬಗ್ಗಿಸಿ ಕೊಡುತ್ತೇನೆ, ಕೋಲಿಗೆ ಮೈಲಿಗೆಯಿಲ್ಲವಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನಿಗೆ ಕೇಳುವ ಕಿವಿಯೊಂದು ಸಿಕ್ಕರೆ ಸಾಕು, ಪಿಂಚಣಿ ಎರಡು ದಿನ ತಡವಾದರೂ ತಡೆದುಕೊಳ್ಳುತ್ತಾನೆ.

ಮಾತು ಶುರುವಾದದ್ದು ಅವರ ಮಗನಿಂದ. ಅಮೆರಿಕದಲ್ಲಿರುವ ಆತ ಸಕ್ಕರೆ ಕಾಯಿಲೆಗೆಂದು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡು ಸಿಕ್ಕಾಪಟ್ಟೆ ಇಳಿದುಹೋಗಿದ್ದಾನಂತೆ. ‘ಊಟಾನೇ ಬೇಡ ಅನ್ಸತ್ತಂತೆ ಮೇಷ್ಟ್ರೇ. ನಮ್ಮ ಕಾಲದಲ್ಲಿ ಊಟ ಸೇರದೇ ಇದ್ರೆ ಡಾಕ್ಟ್ರ ಹತ್ರ ಹೋಗ್ತಿದ್ವಿ. ಈಗ ಡಾಕ್ಟ್ರ ಹತ್ರ ಹೋಗಿ ಊಟ ಸೇರದ ಹಾಗೆ ಮಾಡಿಸ್ಕೊಂಡು ಬರ್ತಾರೆ. ಅದೇನು ಔಷಧಾನೋ, ಶಾಪಾನೋ?’

ಇಂಥ ಸಂದರ್ಭ ಬಿಡುವವನಲ್ಲ ನಾನು. ‘ಅದರ ಮೂಲ ಎಲ್ಲಿದೆ ಗೊತ್ತೇ? ಒಂದು ಹಲ್ಲಿಯ ಎಂಜಲಲ್ಲಿ’ ಎಂದೆ. ಹೂಬುಟ್ಟಿ ಬಿದ್ದೇಹೋಗುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ.

ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ದಪ್ಪ ಹಲ್ಲಿಯಿದೆ. ವಿಷದ ಪ್ರಾಣಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಉಂಡು ಆರಾಮಾಗಿ ಬದುಕುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಎಂಗ್ ಎಂಬ ವೈದ್ಯ 1992ರಲ್ಲಿ ಆ ಹಲ್ಲಿಯ ವಿಷದ ಜೊಲ್ಲಿನಲ್ಲಿ ಎಕ್ಸೆಂಡಿನ್-4 ಎಂಬ ಪದಾರ್ಥ ಕಂಡುಹಿಡಿದ. ನಾವು ಉಂಡಾಗ ನಮ್ಮ ಕರುಳೂ ಅದೇ ಜಾತಿಯ ಒಂದು ಹಾರ್ಮೋನು ಸುರಿಸುತ್ತದೆ, ಅದಕ್ಕೆ ಜಿಎಲ್‌ಪಿ-1 ಎಂದು ಹೆಸರು. ‘ಸಕ್ಕರೆ ಬಂತು, ಇನ್ಸುಲಿನ್ ಬಿಡು, ಹೊಟ್ಟೆ ತುಂಬಿತು, ಸಾಕು’ ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಆದರೆ ಒಂದೆರಡು ನಿಮಿಷದಲ್ಲಿ ರಕ್ತದಲ್ಲೇ ಚೂರಾಗಿ ಹೋಗುತ್ತದೆ. ಹಲ್ಲಿಯದು ಗಂಟೆಗಟ್ಟಲೆ ನಿಲ್ಲುತ್ತದೆ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ 2005ರಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಿಟ್ಟರು. ಈಗ ಮನೆಮಾತಾಗಿರುವ ಸೆಮಾಗ್ಲುಟೈಡ್ ಹಲ್ಲಿಯದಲ್ಲ, ಮನುಷ್ಯನ ಹಾರ್ಮೋನನ್ನೇ ತಿದ್ದಿ, ಕೊಬ್ಬಿನ ಬಾಲವೊಂದನ್ನು ಅಂಟಿಸಿ ವಾರವಿಡೀ ಬಾಳಿಕೆ ಬರುವ ಹಾಗೆ ಮಾಡಿದ್ದು. ಆದರೂ ಇಂಥದೊಂದು ಔಷಧ ನಡೆಯುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು ಹಲ್ಲಿಯ ಎಂಜಲೇ.

ಜಾನಕಮ್ಮ ಶಾಂತವಾಗಿ, ‘ಜೇನುತುಪ್ಪಾನೂ ಹುಳದ ಎಂಜಲೇ ಅಲ್ವೇ, ಅಭಿಷೇಕಕ್ಕೆ ಹಾಕಲ್ವೇ?’ ಎಂದರು. ನನ್ನ ಮೊದಲ ಬಾಣ ಹೀಗೆ ಹುಸಿಹೋಯಿತು.

ಎಂಜಲಿಗೆ ಬಗ್ಗದವರು ವಿಷಕ್ಕಾದರೂ ಬಗ್ಗಿಯಾರೆಂದು ಹಾವಿನ ಕಡೆ ಹೊರಳಿದೆ. ಅವರು ತೀರ್ಥಹಳ್ಳಿ ಕಡೆಯವರು. ತೋಟ, ಗದ್ದೆ, ತರಗೆಲೆ ಎಲ್ಲದರ ಜೊತೆ ಹಾವೂ ಬಳುವಳಿಯಾಗಿ ಬಂದಿರುವ ಜನ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರ ಅಧ್ಯಯನವೊಂದು ಲೆಕ್ಕ ಹಾಕಿತು. ಕರ್ನಾಟಕ ಸರ್ಕಾರ 2024ರಲ್ಲಿ, ಹಾವು ಕಡಿತದ ಪ್ರಕರಣ ಬಂದರೆ ಆಸ್ಪತ್ರೆಯವರು ವರದಿ ಮಾಡಲೇಬೇಕು ಎಂದು ಆದೇಶ ಮಾಡಿತು. ಅಲ್ಲಿಯವರೆಗೆ ಎಷ್ಟು ಸಾವು ಲೆಕ್ಕದ ಪುಸ್ತಕಕ್ಕೇ ಬರದೆ ಗದ್ದೆಯ ಬದುವಿನಲ್ಲೇ ಮುಗಿದುಹೋದವೋ.

ಮದ್ದಿನ ಕಥೆ ಇನ್ನೂ ವಿಚಿತ್ರ. ಹಾವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚುವುದು, ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಸೋಸಿ ತೆಗೆದು ಮನುಷ್ಯನಿಗೆ ಕೊಡುವುದು. 1890ರ ದಶಕದಲ್ಲಿ ಶುರುವಾದ ಈ ವಿದ್ಯೆಯ ಬುನಾದಿ ಇವತ್ತಿಗೂ ಬದಲಾಗಿಲ್ಲ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. ಹಿಂದೆ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದ ಇವರ ಹೊಟ್ಟೆಪಾಡು 1972ರ ವನ್ಯಜೀವಿ ಕಾಯ್ದೆಯಿಂದ ನಿಂತುಹೋಯಿತು. 1978ರಲ್ಲಿ ಸಂಘ ಹುಟ್ಟಿತು. ಈಗ ಹಾವು ಹಿಡಿದು, ವಿಷ ಹಿಂಡಿ, ಮತ್ತೆ ಕಾಡಿಗೇ ಬಿಡುತ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಪಿಎಚ್‌.ಡಿ. ಪಡೆದವರು ಎಷ್ಟೋ ಜನ ಇವರ ಹಿಂದೆ ಕಾಡು ಸುತ್ತಿ ಕಲಿತಿದ್ದಾರೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ವಾಸಿ, ಸನ್ಮಾನದ ಸಭೆಗಳಲ್ಲಿ ಮರೆತುಬಿಡುತ್ತಾರೆ.

ತೊಡಕು ಎಲ್ಲಿದೆ ಎಂದರೆ, ಒಂದು ಪ್ರಾಂತ್ಯದ ನಾಗರಹಾವಿನ ವಿಷ ಇನ್ನೊಂದು ಪ್ರಾಂತ್ಯದ್ದರ ಹಾಗಿರುವುದಿಲ್ಲ. ತಮಿಳುನಾಡಿನ ವಿಷದಿಂದ ಮಾಡಿದ ಮದ್ದನ್ನು ದೇಶದ ಇನ್ನೊಂದು ಮೂಲೆಯ ಹಾವಿಗೆ ಕೊಟ್ಟರೆ ಪಕ್ಕದೂರಿನ ಬೀಗದ ಕೈಯಲ್ಲಿ ನಮ್ಮನೆ ಬೀಗ ತೆಗೆಯಲು ಹೊರಟಂತೆ. ಇದನ್ನು ಎಡೆಬಿಡದೆ ತೋರಿಸಿಕೊಡುತ್ತಿರುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಅವರ ತಂಡ. ಅವರೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ಸೇರಿ 2024ರಲ್ಲಿ ಕುದುರೆಯ ಹಂಗಿಲ್ಲದ ಒಂದು ಪ್ರತಿಕಾಯ ರೂಪಿಸಿದರು. ನಾಗರ, ಕಟ್ಟುಹಾವು, ಆಫ್ರಿಕದ ಬ್ಲ್ಯಾಕ್ ಮಾಂಬಾ ಈ ಕುಟುಂಬದ ಹಾವುಗಳ ವಿಷದಲ್ಲಿ ನರಗಳನ್ನು ಕಟ್ಟಿಹಾಕುವ ಒಂದು ಬಗೆಯ ನಂಜಿದೆ. ಆ ನಂಜನ್ನೇ ಹಿಡಿದು ನಿಲ್ಲಿಸುವ ಪ್ರತಿಕಾಯ ಇದು. ಇಲಿಗಳಿಗೆ ವಿಷ ಕೊಟ್ಟು ಇಪ್ಪತ್ತು ನಿಮಿಷ ಕಳೆದಮೇಲೆ ಕೊಟ್ಟರೂ ಕೆಲಸ ಮಾಡಿತು.

‘ಇಲಿಗೆ ಆಯ್ತು. ಮನುಷ್ಯರಿಗೆ?’

‘ಅದಕ್ಕೆ ಇನ್ನೂ ಕಾಲ ಬೇಕು.’

‘ನಿಮ್ಮ ಪೇಪರ್‌ನಲ್ಲಿ ಇಲಿಗಳೆಲ್ಲ ಯಾವತ್ತೋ ಗುಣವಾಗ್ಬಿಟ್ಟಿವೆ’ ಎಂದು ಹೂ ಕೀಳುತ್ತಲೇ ಹೇಳಿದರು. ವಿಜ್ಞಾನ ಪುಟದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಮನುಷ್ಯನೇ ಬೇಕೆಂದರೆ ಮನುಷ್ಯನೂ ಇದ್ದಾನೆ. ಟಿಮ್ ಫ್ರೀಡ್ ಎಂಬ ಅಮೆರಿಕದವನೊಬ್ಬ ಹದಿನೆಂಟು ವರ್ಷ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡ, ಹಾವಿನಿಂದ ಕಚ್ಚಿಸಿಕೊಂಡ. ಎಲ್ಲ ಸೇರಿ 850ಕ್ಕೂ ಹೆಚ್ಚು ಸಲ. ತಾನೇ ಕುದುರೆಯಾದ ಎನ್ನಿ. ಅವನ ರಕ್ತದಿಂದ ಎರಡು ಪ್ರತಿಕಾಯಗಳನ್ನು ಹೆಕ್ಕಿ, ಜೊತೆಗೊಂದು ರಾಸಾಯನಿಕ ಸೇರಿಸಿ ಮಾಡಿದ ಮದ್ದನ್ನು 19 ಜಾತಿಯ ಹಾವುಗಳ ವಿಷಕ್ಕೆ ಎದುರಾಗಿ ಇಲಿಗಳಲ್ಲಿ, ಹೌದು, ಮತ್ತೆ ಇಲಿಗಳಲ್ಲೇ, ಪರೀಕ್ಷಿಸಿದರು. 13ಕ್ಕೆ ಪೂರ್ತಿ, ಉಳಿದ ಆರಕ್ಕೆ ಅರೆಬರೆ ರಕ್ಷಣೆ ಸಿಕ್ಕಿತೆಂದು 2025ರಲ್ಲಿ ಪ್ರಕಟವಾಯಿತು. ಆದರೆ ಆ ಹತ್ತೊಂಬತ್ತೂ ನಾಗರನ ಬಳಗದವು. ನಮ್ಮ ಗದ್ದೆಗಳ ನಿಜವಾದ ಯಮ ಕೊಳಕುಮಂಡಲ ಆ ಬಳಗದ್ದಲ್ಲ. ಅದಕ್ಕೆ ಈ ಮದ್ದು ನಾಟುವುದಿಲ್ಲ.

‘ಮನೇಲಿ ಹೇಳೋರು ಕೇಳೋರು ಯಾರೂ ಇರ್ಲಿಲ್ವೇ ಆ ಮನುಷ್ಯಂಗೆ?’ ಎಂದಷ್ಟೇ ಕೇಳಿದರು ಜಾನಕಮ್ಮ. ಅದಕ್ಕೆ ಸಂಶೋಧನಾ ಪತ್ರಿಕೆಯಲ್ಲಿ ಉತ್ತರ ಸಿಗುವುದಿಲ್ಲ.

ಎಲ್ಲ ಶೋಧವೂ ಹೀಗೆ ನಂಜು, ಜೊಲ್ಲುಗಳಿಂದಲೇ ಬರುತ್ತದೆಂದಲ್ಲ. 2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಮರ್ ಯಾಘಿ ಒಬ್ಬರು. ಜೋರ್ಡಾನಿನ ಅಮ್ಮಾನ್‌ನಲ್ಲಿ ನಿರಾಶ್ರಿತರ ಮನೆಯಲ್ಲಿ ಹುಟ್ಟಿ, ದನಕರುಗಳ ಜೊತೆ ಒಂದೇ ಕೋಣೆಯಲ್ಲಿ ಬೆಳೆದವರು. ಲೋಹದ ಕಣಗಳನ್ನು ಇಂಗಾಲದ ಅಣುಗಳಿಂದ ಹೆಣೆದು, ಒಳಗೆಲ್ಲ ಖಾಲಿ ಕೋಣೆಗಳಿರುವ ಹರಳು ಮಾಡುವ ವಿದ್ಯೆ ಇವರದು. ಅಂಥದೊಂದು ಪುಡಿ ಅರಿಜೋನಾದ ಮರುಭೂಮಿಯಲ್ಲಿ ರಾತ್ರಿಯ ಗಾಳಿಯಿಂದ ತೇವ ಹೀರಿಕೊಂಡು, ಹಗಲು ಬಿಸಿಲು ಬಿದ್ದಾಗ ನೀರಾಗಿ ಬಿಟ್ಟುಕೊಟ್ಟಿತು. ‘ನಲ್ಲಿ ಇಲ್ಲ, ಪೈಪ್ ಇಲ್ಲ, ಯಾರೂ ಮುಟ್ಟಿರಲ್ಲ, ಗಾಳಿಯಿಂದ ನೇರ ನೀರು’ ಎಂದು ವಿವರಿಸಿದೆ. ಜಾನಕಮ್ಮನ ಮುಖ ಆ ದಿನ ಮೊದಲ ಬಾರಿಗೆ ಅರಳಿತು. ‘ಅದೊಂದು ಬರ್ಲಿ ಮೇಷ್ಟ್ರೇ. ಮಡಿನೀರಿಗೆ ಒದ್ದಾಡೋದು ತಪ್ಪತ್ತೆ.’ ನೊಬೆಲ್ ಸಮಿತಿಯವರಿಗೆ ಈ ಉಪಯೋಗ ಹೊಳೆದಿರಲಾರದು.

ಅವರ ಹಿತ್ತಲಿನಲ್ಲಿ ತರಗೆಲೆಯ ಗೊಬ್ಬರದ ಗುಂಡಿಯೊಂದಿದೆ. ಅದರ ವಾಸನೆ ಬೇಲಿ ನೋಡುವುದಿಲ್ಲ, ನೇರ ನಮ್ಮ ಅಡುಗೆಮನೆಗೇ ಬರುತ್ತದೆ. ಆದರೂ ಅಂಥ ಗುಂಡಿಗೆ ನಾನು ಕೈಮುಗಿಯಬೇಕು. ಜಪಾನಿನ ಸಕಾಯ್ ಎಂಬ ಊರಿನಲ್ಲಿ, ಬಾಟಲಿಯ ಪ್ಲಾಸ್ಟಿಕ್ ಮರುಬಳಕೆ ಮಾಡುವ ಜಾಗದ ಕೊಳೆಯಲ್ಲಿ, ಆ ಪ್ಲಾಸ್ಟಿಕ್ಕನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿತೆಂಬ ಸುದ್ದಿ 2016ರಲ್ಲಿ ಬಂತು. ಪುಣ್ಯಾತ್ಮನದು ನಿಧಾನದ ಊಟ, ತೆಳ್ಳನೆಯ ಹಾಳೆಯೊಂದನ್ನು ಮುಗಿಸಲು ಆರು ವಾರ. ಅದಕ್ಕಿಂತ ಚುರುಕಾದ ಕಿಣ್ವವೊಂದು ಜಪಾನಿನದೇ ಎಲೆಗೊಬ್ಬರದ ರಾಶಿಯಲ್ಲಿ ಮೊದಲೇ ಸಿಕ್ಕಿತ್ತು. ಫ್ರಾನ್ಸಿನವರು ಅದನ್ನು ತಿದ್ದಿ ತೀಡಿ, ಬಾಟಲಿ ಪ್ಲಾಸ್ಟಿಕ್ಕನ್ನು 72 ಡಿಗ್ರಿ ಶಾಖದಲ್ಲಿ ಹತ್ತೇ ಗಂಟೆಯೊಳಗೆ ನೂರಕ್ಕೆ ತೊಂಬತ್ತು ಭಾಗ ಕರಗಿಸಿ, ಮೂಲವಸ್ತುವಿಗೇ ಇಳಿಸಿಬಿಟ್ಟರು. 2020ರಲ್ಲಿ.

‘ಹಾಲಿನ ಪ್ಯಾಕೆಟ್ಟೂ ಕರಗತ್ತಾ?’ ಪ್ಯಾಕೆಟ್ ತೊಳೆದು, ತಂತಿಗೆ ಒಣಹಾಕಿ, ಹಳೇ ಪೇಪರಿನವನಿಗೆ ಚೌಕಾಸಿ ಮಾಡಿ ಮಾರುವವರು ಕೇಳಲೇಬೇಕಾದ ಪ್ರಶ್ನೆ. ಕರಗುವುದಿಲ್ಲ. ನೀರಿನ ಬಾಟಲಿಯದು ಪಿಇಟಿ, ಅದರ ಸರಪಳಿಯಲ್ಲಿ ಕಿಣ್ವ ಕಚ್ಚಿ ಕತ್ತರಿಸಬಹುದಾದ ಕೊಂಡಿಗಳಿವೆ. ಹಾಲಿನ ಪ್ಯಾಕೆಟ್ ಪಾಲಿಥೀನು, ಇಂಗಾಲಕ್ಕೆ ಇಂಗಾಲ ಬಿಗಿದ ಉದ್ದನೆಯ ಸರಪಳಿ, ಹಲ್ಲೂರಲು ಜಾಗವೇ ಇಲ್ಲ. ನಮ್ಮ ಕೆರೆಕಟ್ಟೆ, ಚರಂಡಿಗಳಲ್ಲಿ ತುಂಬಿಕೊಂಡಿರುವುದು ಬಹುಮಟ್ಟಿಗೆ ಈ ಎರಡನೆಯದೇ.

ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯವರು ಇಸ್ರೋದವರ ಜೊತೆ ಸೇರಿ ಚಂದ್ರನ ಮೇಲೆ ಮನೆ ಕಟ್ಟುವ ಇಟ್ಟಿಗೆಗೂ ಕೈಹಾಕಿದ್ದಾರೆ. ಅರ್ಧ ಕೆಜಿಗೂ ಕಡಿಮೆ ಸಾಮಾನನ್ನು ಬಾಹ್ಯಾಕಾಶಕ್ಕೆ ಒಯ್ಯಲು ಏಳೂವರೆ ಲಕ್ಷ ರೂಪಾಯಿ ಆಗುತ್ತದೆಂದು 2020ರಲ್ಲಿ ಅವರು ಹೇಳಿದ ಲೆಕ್ಕ. ಇಲ್ಲಿಂದ ಇಟ್ಟಿಗೆ ಹೊರಿಸುವ ಮಾತೇ ಇಲ್ಲ. ಹಾಗಾಗಿ ಚಂದ್ರನ ಮಣ್ಣಿನಂಥದೇ ಮಣ್ಣು ತೆಗೆದುಕೊಂಡರು, ಒಂದು ಬಗೆಯ ಬ್ಯಾಕ್ಟೀರಿಯಾ ಬಿಟ್ಟರು, ಅದಕ್ಕೆ ಊಟವಾಗಿ ಯೂರಿಯಾ, ಬಿಗಿಗೆ ಗೋರಿಕಾಯಿ ಬೀಜದ ಅಂಟು. ಬ್ಯಾಕ್ಟೀರಿಯಾ ಯೂರಿಯಾ ತಿಂದು, ಕ್ಯಾಲ್ಸಿಯಂ ಹಿಡಿದು ಸುಣ್ಣದಕಲ್ಲಿನ ಹರಳು ಕಟ್ಟಿ ಮಣ್ಣನ್ನು ಬೆಸೆಯಿತು. ಸುಟ್ಟು ಮಾಡಿದ ಇಟ್ಟಿಗೆ ಬಿರುಕು ಬಿಟ್ಟರೆ ಅದೇ ಬ್ಯಾಕ್ಟೀರಿಯಾದಿಂದ ಬೆಸೆಯಬಹುದೆಂದು 2025ರಲ್ಲಿ ತೋರಿಸಿದರು.

‘ಚಂದ್ರನಲ್ಲಿ ಯೂರಿಯಾಕ್ಕೆ ಸೊಸೈಟಿ ಎಲ್ಲಿದೆ?’

‘ಹೋದವರ ಉಚ್ಚೆಯಿಂದಲೇ ತೆಗೀಬಹುದು.’ ಇಷ್ಟು ಹೊತ್ತು ಕಾದದ್ದು ಈ ವಾಕ್ಯಕ್ಕೇ.

‘ಗೃಹಪ್ರವೇಶಕ್ಕೆ ಗೋಮೂತ್ರ ಪ್ರೋಕ್ಷಣೆ ಮಾಡ್ತೀವಿ. ಅವರು ಗೋಡೆಗೇ ಹಾಕ್ತಾರೆ. ಅಷ್ಟೇ ತಾನೆ?’

ಸೋಲನ್ನು ಒಪ್ಪದ ನಾನು ಕೊನೆಯ ಅಸ್ತ್ರ ತೆಗೆದೆ. ಕರುಳಿನಲ್ಲಿ ಒಂದು ಹಟಮಾರಿ ಸೋಂಕಿದೆ. ಆಂಟಿಬಯಾಟಿಕ್ ನುಂಗಿ ನುಂಗಿ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ನಾಶವಾದ ಮೇಲೆ ಬಂದು ಬೀಡುಬಿಡುತ್ತದೆ, ಬಿಟ್ಟು ಬಿಟ್ಟು ಮರುಕಳಿಸುತ್ತದೆ. ಅದಕ್ಕೆ ಮದ್ದು, ಆರೋಗ್ಯವಂತನೊಬ್ಬನ ಮಲ. ನಾಲ್ಕನೆಯ ಶತಮಾನದಲ್ಲೇ ಚೀನಾದ ಗೆ ಹಾಂಗ್ ಎಂಬ ಪಂಡಿತ ಭೇದಿ ರೋಗಿಗಳಿಗೆ ಇಂಥದ್ದನ್ನು ಕುಡಿಸುತ್ತಿದ್ದನಂತೆ. 2013ರಲ್ಲಿ ಡಚ್ಚರು ಸರಿಯಾಗಿ ಪರೀಕ್ಷೆ ಮಾಡಿದರು. ಈ ಚಿಕಿತ್ಸೆ ಪಡೆದ 16 ಜನರಲ್ಲಿ 13 ಮಂದಿಗೆ ಮೊದಲ ಸಲಕ್ಕೇ ಗುಣವಾಯಿತು. ಬರೀ ಆಂಟಿಬಯಾಟಿಕ್ ಪಡೆದ 13 ಜನರಲ್ಲಿ ನಾಲ್ವರಿಗೆ ಮಾತ್ರ. ವ್ಯತ್ಯಾಸ ಎಷ್ಟು ಢಾಳಾಗಿತ್ತೆಂದರೆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. 2023ರಲ್ಲಿ ಅಮೆರಿಕ ಸರ್ಕಾರ ಇದರ ಮಾತ್ರೆಗೂ ಒಪ್ಪಿಗೆ ಕೊಟ್ಟಿದೆ. ಮಲದಿಂದ ತೆಗೆದ ಬ್ಯಾಕ್ಟೀರಿಯಾಗಳನ್ನು ಶುದ್ಧಮಾಡಿ ಕ್ಯಾಪ್ಸೂಲಿಗೆ ತುಂಬಿದ್ದು.

ಜಾನಕಮ್ಮ ಹೂಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. ‘ಉಪಾಕರ್ಮದಲ್ಲಿ ನೀವೂ ಪಂಚಗವ್ಯ ಕುಡಿದೋರೇ ಅಲ್ವೇ ಮೇಷ್ಟ್ರೇ? ಹಾಲು, ಮೊಸರು, ತುಪ್ಪದ ಜೊತೆ ಇನ್ನೆರಡು ಏನು ಅಂತ ಗೊತ್ತಿದ್ದೇ ಕುಡಿದ್ರಲ್ಲ. ನಮ್ಮೋರು ಮಾಡಿದ್ರೆ ಮೂಢನಂಬಿಕೆ, ಅವರು ಮಾಡಿದ್ರೆ ಮಾತ್ರೆ.’

ಇಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ‘ಅವರು ಎಣಿಸಿದ್ರು ಜಾನಕಮ್ಮನೋರೇ. ಇಷ್ಟು ಜನಕ್ಕೆ ಕೊಟ್ವಿ, ಇಷ್ಟು ಜನಕ್ಕೆ ಕೊಡ್ಲಿಲ್ಲ, ಇಷ್ಟು ಜನ ಗೆದ್ರು ಅಂತ ಬರೆದಿಟ್ರು. ನಮ್ಮಲ್ಲಿ ಎಣಿಸಿದೋರು ಯಾರು?’

‘ಹಾಗಾದ್ರೆ ಎಣಿಸ್ರಿ. ನಾನು ಬೇಡ ಅಂದ್ನೇ?’

ಎಣಿಸುವ ಬಗೆ ಹೇಳಿದೆ. ಸುಮ್ಮನೆ ಎಣಿಸಿದರೆ ಸಾಲದು. ಅರ್ಧ ಜನಕ್ಕೆ ನಿಜವಾದದ್ದು, ಅರ್ಧ ಜನಕ್ಕೆ ಹುಸಿಯಾದದ್ದು. ಯಾರಿಗೆ ಯಾವುದು ಹೋಯಿತೆಂದು ಕುಡಿದವನಿಗೂ ತಿಳಿಯಬಾರದು, ಕೊಟ್ಟ ಪುರೋಹಿತರಿಗೂ ತಿಳಿಯಬಾರದು.

‘ಪುರೋಹಿತರಿಗೆ ತಿಳಿಯದೇ ಇರೋ ಹಾಗೆ ಮಾಡೋದು ಸುಲಭ. ಆದ್ರೆ ಕುಡಿಯೋನಿಗೆ ವಾಸನೆ ಬರಲ್ವೇ?’

ಇಡೀ ಪರೀಕ್ಷೆಯ ತೂತು ಅದೊಂದೇ ಮಾತಿನಲ್ಲಿ ಹೊರಬಿತ್ತು. ‘ಅದಕ್ಕೇ ಕ್ಯಾಪ್ಸೂಲಲ್ಲಿ ಹಾಕಿ ಕೊಡ್ಬೇಕು’ ಎಂದೆ.

‘ಆ ಕ್ಯಾಪ್ಸೂಲಿನ ಸಿಪ್ಪೆ ಯಾವುದರಿಂದ ಮಾಡ್ತಾರೆ?’

ಬಹುಪಾಲು ಜೆಲಟಿನ್‌ನಿಂದ, ಅಂದರೆ ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟಿನಿಂದ. ಊಟವಾದ ಮೇಲೆ ಜಾನಕಮ್ಮ ದಿನಾ ಒಂದು ಕ್ಯಾಪ್ಸೂಲು ನುಂಗುವುದನ್ನು ನಾನು ಬಲ್ಲೆ. ‘ಗಿಡದ ನಾರಿನಿಂದ ಮಾಡಿದ್ದೂ ಸಿಗತ್ತೆ’ ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.